ಮಕ್ಕಳು ಹುಟ್ಟುತ್ತಿದ್ದಾರೆ, ಲೆಕ್ಕ ಬೇರೆ ಕಡೆ ಹೋಗುತ್ತಿದೆ

ಉತ್ತರ ಕನ್ನಡ ಜಿಲ್ಲೆಯಲ್ಲಿ ಜನನ ನೋಂದಣಿ ಇಳಿದಿದೆ, ಅಂದರೆ ಈಗಿನ ಹುಡುಗಿಯರಿಗೆ ಮಕ್ಕಳೇ ಬೇಡ ಅಂತ ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದೀರಿ. ಒಂದೆರಡಕ್ಕೆ ನಿಲ್ಲಿಸುವವರು ಜಾಸ್ತಿ, ಅದು ನಿಜ. ಆದರೆ 1969ರ ಜನನ-ಮರಣ ನೋಂದಣಿ ಕಾಯ್ದೆ ಪ್ರಕಾರ ಜನನ, ಮರಣ ಎಲ್ಲಿ ಆಯಿತೋ ಅಲ್ಲೇ ದಾಖಲಾಗುತ್ತದೆ, ಮನೆ ಎಲ್ಲಿದೆ ಅಂತ ನೋಡಿ ಅಲ್ಲ. ನಮ್ಮ ಹೊನ್ನಾವರದಲ್ಲಿ ಹೆರಿಗೆ ಸ್ವಲ್ಪ ಕಷ್ಟ ಅಂದರೆ ಸಾಕು, ಪಕ್ಕದ ಉಡುಪಿ ಜಿಲ್ಲೆಯ ಮಣಿಪಾಲದ ಆಸ್ಪತ್ರೆ. ಕಾರವಾರದವರಿಗೆ ಗೋವಾ, ಮುಂಡಗೋಡದವರಿಗೆ ಹುಬ್ಬಳ್ಳಿ. ನನ್ನ ಮಗಳಿಗೆ ಎಂಟನೇ ತಿಂಗಳಲ್ಲಿ ಬಿಪಿ ಏರಿ, ರಾತ್ರಿ ಎರಡು ಗಂಟೆಗೆ ಜೋರು ಮಳೆಯಲ್ಲಿ ಆಂಬುಲೆನ್ಸ್ ಹತ್ತಿ, ಉಡುಪಿ ಗಡಿಯ ಶಿರೂರು ದಾಟುವವರೆಗೂ ಅವಳ ಕೈ ಹಿಡಿದೇ ಕೂತಿದ್ದೆ. ಮೊಮ್ಮಗಳು ಉಡುಪಿ ಜಿಲ್ಲೆಯ ಲೆಕ್ಕಕ್ಕೆ ಸೇರಿದಳು, ಈಗ ಹೋಗುತ್ತಿರುವುದು ನಮ್ಮ ಕೇರಿಯ ಅಂಗನವಾಡಿಗೆ! ನಮ್ಮಣ್ಣ ತೀರಿಕೊಂಡಿದ್ದೂ ಮಣಿಪಾಲದಲ್ಲೇ, ಮರಣ ಪತ್ರವೂ ಅಲ್ಲಿಂದಲೇ ಬಂತು. ಹಾಗಾದ್ರೆ ನಮ್ಮ ಜಿಲ್ಲೆಯವರು ಸಾಯುವುದೂ ಕಡಿಮೆ ಅಂತ ಬರೆಯುತ್ತೀರಾ?

ಇನ್ನು ಸಾವಿರ ಜನರಿಗೆ ಇಷ್ಟು ಜನನ ಅಂತ ನೀವು ಕೊಟ್ಟ ದರ, ಅದನ್ನು ಯಾವ ಜನಸಂಖ್ಯೆಗೆ ಭಾಗಿಸಿದ್ದು? 2011ರ ಜನಗಣತಿಯ 14.37 ಲಕ್ಷಕ್ಕಾ? 2021ರ ಜನಗಣತಿ ಆ ವರ್ಷ ನಡೆಯಲೇ ಇಲ್ಲ. 2011ರ ನಂತರ ಬೆಂಗಳೂರು ಸೇರಿದ ನಮ್ಮ ಹುಡುಗರೆಲ್ಲ ಆ ಲೆಕ್ಕದಲ್ಲಿ ಇನ್ನೂ ಊರಲ್ಲೇ ಇದ್ದಾರೆ, ಅಲ್ವಾ? ಜನನದ ಫಾರ್ಮಿನಲ್ಲಿ ತಾಯಿ ವಾಸಿಸುವ ಊರನ್ನೂ ಬರೆಸಿಕೊಳ್ಳುತ್ತಾರೆ. ಅದರ ಪ್ರಕಾರ ಒಮ್ಮೆ ಅಂಕಿ ತೆಗೆಸಿ ನೋಡಿ. ಸುಮ್ನೆ ಹುಡುಗಿಯರನ್ನು ದೂರುವುದು ಆಮೇಲೆ ಇಟ್ಟುಕೊಳ್ಳಿ.