ಲೇಔಟ್ ನಕ್ಷೆಗೂ ಮೊದಲು ಮಣ್ಣನ್ನು ಕೇಳಬೇಕು

ಇಲ್ಲಿ ಇಂಗ್ಲೆಂಡಿನಲ್ಲಿ ಹೊಲದಲ್ಲಿ ಮನೆಗಳನ್ನು ಕಟ್ಟಲು ಅರ್ಜಿ ಹಾಕಿದರೆ, ಹಳೆಯ ನೆಲೆಯ ಕುರುಹು ಇರಬಹುದಾದ ಕಡೆ ಮಣ್ಣಿನಡಿ ಏನಿದೆ ಎಂದು ಮೊದಲೇ ತೋರಿಸಬೇಕು. 1990ರ ಪಿಪಿಜಿ 16 ಎಂಬ ಸರ್ಕಾರಿ ಯೋಜನಾ ಮಾರ್ಗಸೂಚಿಯಿಂದ ಬಂದ ರೂಢಿ ಇದು; ಖರ್ಚು ಕಟ್ಟುವವರದೇ. ನಮ್ಮಲ್ಲಿ ಕೇಂದ್ರ ಕಾನೂನು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಕಟ್ಟಡ ಕಟ್ಟುವುದನ್ನು ನಿಷೇಧಿಸುತ್ತದೆ, ಅದರಾಚೆ 200 ಮೀಟರ್‌ವರೆಗೆ ನಿಯಂತ್ರಿಸುತ್ತದೆ. ಪಟ್ಟಿಗೆ ಸೇರದ ಹಾಳೂರನ್ನು ಮೊದಲು ನೋಡುವುದು ಜೆಸಿಬಿ.

ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಗ್ರೇಡಿಯೋಮೀಟರ್, ಮಣ್ಣಿನ ಕಾಂತಗುಣದ ಸಣ್ಣ ವ್ಯತ್ಯಾಸವನ್ನು ಅಳೆಯುವ ಉಪಕರಣ. ಒಂದರ ಮೇಲೊಂದು, 1 ಮೀಟರ್ ಅಂತರದಲ್ಲಿ ಎರಡು ಸೆನ್ಸರ್. ಒಂದರ ಅಳತೆಯಿಂದ ಇನ್ನೊಂದನ್ನು ಕಳೆದರೆ ಭೂಮಿಯ ಸುಮಾರು 49,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಕಾಂತಕ್ಷೇತ್ರ ಕಳಚಿಹೋಗಿ ಮಣ್ಣಿನ ವ್ಯತ್ಯಾಸವಷ್ಟೇ ಉಳಿಯುತ್ತದೆ. ಇದನ್ನು ಹೊತ್ತು ಹೊಲದಲ್ಲಿ ಸಾಲಾಗಿ ನಡೆಯುತ್ತಾರೆ: 1 ಮೀಟರಿಗೊಂದು ಸಾಲು, ಸಾಲಿನಲ್ಲಿ 25 ಸೆಂಟಿಮೀಟರಿಗೊಂದು ಅಳತೆ. ಮುಚ್ಚಿಹೋದ ಹಳೆಯ ಕಂದಕ ಕೊಡುವುದು ಕೆಲವೇ ನ್ಯಾನೋಟೆಸ್ಲಾ. ಹಾಗಾಗಿ ಉಪಕರಣ ಹೊತ್ತವರ ಪ್ಯಾಂಟಿನ ಜಿಪ್, ಬೆಲ್ಟಿನ ಬಕಲ್, ಜೇಬಿನ ಮೊಬೈಲು ಸಾಕು, ಅಳತೆ ಕೆಡಲು. ತಂತಿಬೇಲಿ, ಕಬ್ಬಿಣದ ಪೈಪು ಹತ್ತಿರವಿದ್ದರೆ ಆ ಪಟ್ಟೆಯೇ ಕುರುಡು.

ಈ ಅಳತೆಗಳ ನಕ್ಷೆ ಖಾಲಿ ಕಂಡಿತೆಂದರೆ ನೆಲ ಖಾಲಿ ಎಂದಲ್ಲ. ಅಗೆದ ಮಣ್ಣನ್ನೇ ಮತ್ತೆ ಮುಚ್ಚಿದ ಗೋರಿ ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಪರೀಕ್ಷಾ ಕಂದಕಗಳನ್ನು ಗುರುತು ಕಂಡಲ್ಲೂ ತೋಡುತ್ತಾರೆ, ಕಾಣದಲ್ಲೂ ತೋಡುತ್ತಾರೆ. ಅದೂ ಅಗೆಯುವ ಯಂತ್ರದ ಹಲ್ಲಿಲ್ಲದ ಬಕೆಟ್ಟಿನಿಂದ: ಹಲ್ಲು ಗೀರಿದರೆ ಮಣ್ಣಿನ ಬಣ್ಣದ ಅಂಚು ಕಲಸಿಹೋಗುತ್ತದೆ. ಈ ಪದ್ಧತಿಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಯಂತ್ರವಲ್ಲ, ಈ ಎಚ್ಚರ.

ಆದರೆ ಇದನ್ನು ಹಾಗೆಯೇ ಎತ್ತಿ ತಂದರೆ ನಮ್ಮಲ್ಲಿ ಕೈಕೊಡುತ್ತದೆ. ಇಂಗ್ಲೆಂಡಿನಲ್ಲಿ ಭೂಮಿಯ ಕಾಂತರೇಖೆ 65 ಡಿಗ್ರಿಗೂ ಹೆಚ್ಚು ಬಾಗಿ ನೆಲಕ್ಕಿಳಿದರೆ, ಬೆಂಗಳೂರಿನಲ್ಲಿ ಅದು 15 ಡಿಗ್ರಿಗಿಂತ ಕಡಿಮೆ, ಬಹುತೇಕ ಅಡ್ಡ. ಹಾಗಾಗಿ ತೆಂಕಣ-ಬಡಗಣ ಹಾದ ಉದ್ದನೆಯ ಕಂದಕ ನಡುವೆ ಮಾಯವಾಗಿ ಎರಡು ತುದಿಗಳಲ್ಲಷ್ಟೇ ಸುಳಿವು ಕೊಡಬಹುದು. ಕಾಂತಗುಣ ಹೆಚ್ಚಿರುವ ಡಾಲರೈಟ್ ಶಿಲೆಯ ಪಟ್ಟೆ ಹಾದಿದ್ದರೆ ಅದರ ಅಬ್ಬರದಲ್ಲಿ ಮಿಕ್ಕದ್ದೆಲ್ಲ ಮುಳುಗುತ್ತದೆ. ನೆಲದೊಳಗೆ ಅಲೆ ಕಳಿಸಿ ನೋಡುವ ರೇಡಾರ್ ಒದ್ದೆ ಎರೆಮಣ್ಣಿನಲ್ಲಿ ಆಳಕ್ಕಿಳಿಯುವುದಿಲ್ಲ. ಬೇಸಿಗೆಯ ಒಣನೆಲದಲ್ಲಿ ಮಣ್ಣಿನ ವಿದ್ಯುತ್ ರೋಧ ಅಳೆಯಲು ಚುಚ್ಚುವ ಕಂಬಿಗಳಿಗೆ ಮಣ್ಣಿನ ಹಿಡಿತ ಸಿಗುವುದಿಲ್ಲ. ಕಬ್ಬಿಣ ಕರಗಿಸಿದ ಕುಲುಮೆ, ಸುಟ್ಟ ಗೂಡು ಮಾತ್ರ ಗ್ರೇಡಿಯೋಮೀಟರಿಗೆ ಸಾಮಾನ್ಯವಾಗಿ ಎದ್ದು ಕಾಣುತ್ತವೆ. ಹೀಗಾಗಿ ಒಂದೇ ಉಪಕರಣವನ್ನು ನಂಬಿ ವರದಿ ಬರೆಯುವುದು ತಪ್ಪು.

ಮೊದಲ ಹೆಜ್ಜೆಗೆ ಉಪಕರಣವೂ ಬೇಡ. ಕಂದಾಯ ದಾಖಲೆಯಲ್ಲಿ ‘ಬೇಚರಾಕ್ ಗ್ರಾಮ’ ಎಂದು ಬರೆದಿದ್ದರೆ ಅಲ್ಲಿ ಊರೊಂದು ಇದ್ದು ಹಾಳಾಗಿರಬಹುದು. ಭೂಪರಿವರ್ತನೆಯ ಅರ್ಜಿಯಲ್ಲೇ ಇದನ್ನು ಕೇಳಲಿ. ಸೈಟುಗಳು ಮಾರಾಟವಾದ ಮೇಲೆ ಏನೂ ಸರಿಸಲಾಗದು. ಅದಕ್ಕೂ ಮುಂಚೆ ತಿಳಿದರೆ, ಲೇಔಟಿನಲ್ಲಿ ಹೇಗೂ ಬಿಡಬೇಕಾದ ಉದ್ಯಾನವನ್ನು ಆ ಜಾಗಕ್ಕೇ ತರಬಹುದು. ಅಲ್ಲಿ ಬೋರ್‌ವೆಲ್, ಸಂಪು, ಆಳಕ್ಕೆ ಬೇರಿಳಿಸುವ ಮರ ಬೇಡ. ಮೇಲೆ ಒಂದಿಷ್ಟು ಮಣ್ಣು ಹಾಕಿ ಹುಲ್ಲು ಬೆಳೆಸಿದರೆ ಸಾಕು.