ಡೇ ಕೇರ್ ನೋಡಲು ಹೋದರೆ ಆಯಾಗೆ ಸಂಬಳ ಎಷ್ಟು ಅಂತ ಕೇಳಿ

ಕಾರವಾರಕ್ಕೆ ವರ್ಗವಾಗಿ ಬರುವವರು ಬಾಡಿಗೆ ಮನೆ ಸಿಕ್ಕ ಕೂಡಲೇ ಕೇಳುವ ಪ್ರಶ್ನೆ ಈಗೀಗ ಒಂದೇ. ಮಗುವನ್ನು ಬಿಡಲು ಒಳ್ಳೆಯ ಡೇ ಕೇರ್ ಯಾವುದಿದೆ? ಬ್ಯಾಂಕಿನವರು ಕೇಳುತ್ತಾರೆ, ನೇವಿಯವರು ಕೇಳುತ್ತಾರೆ, ಮೆಡಿಕಲ್ ಕಾಲೇಜಿನ ನರ್ಸ್‌ಗಳು ಕೇಳುತ್ತಾರೆ. ಅಜ್ಜ ಅಜ್ಜಿ ಇರುವುದು ಶಿರಸಿ ಕಡೆ ತೋಟದಲ್ಲಿ, ಇಲ್ಲವೇ ಧಾರವಾಡದಲ್ಲಿ, ಕೇರಳದಲ್ಲಿ. ಅಡಿಕೆ ಕೊಯ್ಲಿನ ಹೊತ್ತಿಗೆ ದೇವಿಮನೆ ಘಾಟ್ ಇಳಿದು ಬಂದು ಮೊಮ್ಮಗನನ್ನು ನೋಡಿಕೊಳ್ಳಿ ಅಂತ ಯಾರಿಗೆ ಹೇಳುವುದು? ನಾವು ಮಗನಿಗೆ ಡೇ ಕೇರ್ ಹುಡುಕುವಾಗ ನಮ್ಮ ಅತ್ತೆ ಫೋನಿನಲ್ಲಿ "ಯಾರ್ಯಾರ ಕೈಗೋ ಮಾಣಿನ ಕೊಡ್ತ್ಯನೆ ತಂಗಿ?" ಅಂದಿದ್ದರು. ಮಾಣಿ ಅಂದರೆ ನಮ್ಮಲ್ಲಿ ಹುಡುಗ. ಕೊಂಕು ಇರಲಿಲ್ಲ, ಸಂಕಟದಿಂದ ಕೇಳಿದ್ದು. ನನಗನಿಸುತ್ತದೆ, ಡೇ ಕೇರ್ ಆರಿಸುವವರು ಕೇಳಬೇಕಾದ ಪ್ರಶ್ನೆಯೂ ಅದೇ. ಯಾರ ಕೈಗೆ?

ನಾವು ಹೋಗಿ ನೋಡುವುದು ಬೇರೆಯದನ್ನೇ. ಗೋಡೆಗೆ ಚಿತ್ರ ಬಿಡಿಸಿದ್ದಾರಾ, ಎಸಿ ಇದೆಯಾ, ಸಿಸಿಟಿವಿ ನಮ್ಮ ಮೊಬೈಲಿನಲ್ಲಿ ಬರುತ್ತಾ, ಎರಡು ವರ್ಷಕ್ಕೇ ರೈಮ್ಸ್ ಹೇಳಿಸುತ್ತಾರಾ. ನಮ್ಮ ಜೊತೆ ಮಾತಾಡುವವರು ಓನರ್ ಮೇಡಂ. ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಮಗು ಇಡೀ ದಿನ ಇರುವುದು ಅವರ ಹತ್ತಿರ ಅಲ್ವಲ್ಲ! ಚಡ್ಡಿ ಬದಲಿಸುವುದು, ಗಂಜಿ ತಿನ್ನಿಸುವುದು, ಮಧ್ಯಾಹ್ನ ಬೆನ್ನು ತಟ್ಟಿ ಮಲಗಿಸುವುದು, ಅಮ್ಮ ಬೇಕು ಅಂತ ಹಟ ಹಿಡಿದಾಗ ಎತ್ತಿಕೊಂಡು ಕಿಟಕಿ ಹತ್ತಿರ ನಿಂತು ಕಾಗೆ ತೋರಿಸುವುದು, ಇದೆಲ್ಲ ಆಯಾ ಕೆಲಸ. ನಾವು ಅವರ ಹೆಸರನ್ನೂ ಕೇಳದೆ ಫೀಸು ಕಟ್ಟಿ ಬರುತ್ತೇವೆ.

ಅದಕ್ಕೇ ನಾನು ಯಾರು ಕೇಳಿದರೂ ಹೇಳುವುದು ಇಷ್ಟು. ಆಯಾಗೆ ಸಂಬಳ ಎಷ್ಟು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು, ಒಬ್ಬರ ಪಾಲಿಗೆ ಎಷ್ಟು ಮಕ್ಕಳು. ಸಂಬಳ ಕೇಳಲು ಮುಜುಗರ ಆಗುತ್ತದೆ, ಒಪ್ಪುತ್ತೇನೆ. ಓನರ್ ಮುಖ ಸಣ್ಣ ಮಾಡುತ್ತಾರೆ. ಆದರೂ ಕೇಳಿ, ಬೇಕಿದ್ದರೆ ನಗುತ್ತಾ ಕೇಳಿ. ಮೀನು ಮಾರ್ಕೆಟ್ಟಿನಲ್ಲಿ ಅರ್ಧ ದಿನ ಬುಟ್ಟಿ ಇಟ್ಟುಕೊಂಡು ಕೂತರೆ ಇದಕ್ಕಿಂತ ಜಾಸ್ತಿ ಸಿಗುತ್ತದೆ ಅಂತಾದರೆ ಯಾವ ಹೆಂಗಸು ಬೇರೆಯವರ ಮಕ್ಕಳ ಮೂಗು ಒರೆಸುತ್ತಾ ವರ್ಷಗಟ್ಟಲೆ ಇರುತ್ತಾಳೆ? ಮೂರು ತಿಂಗಳಿಗೊಮ್ಮೆ ಆಯಾ ಬದಲಾಗುವ ಕಡೆ ಮಗು ಪ್ರತಿ ಸಲ ಮೊದಲಿಂದ ಶುರು ಮಾಡಬೇಕು. ಹೊಸ ಮುಖ, ಹೊಸ ಕೈ, ಹೊಸ ದನಿ. ಎಂಟು ತಿಂಗಳಿಂದ ಒಂದೂವರೆ ವರ್ಷದವರೆಗೆ ಮಕ್ಕಳಿಗೆ ಗುರುತಿಲ್ಲದವರನ್ನು ಕಂಡರೆ ಭಯ ಜಾಸ್ತಿ. ಹೆಚ್ಚಿನ ಅಮ್ಮಂದಿರ ರಜೆ ಮುಗಿದು ಮಗುವನ್ನು ಹೊರಗೆ ಬಿಡುವ ವಯಸ್ಸೂ ಹೆಚ್ಚುಕಡಿಮೆ ಅದೇ.

ರಜೆ ಅಂದಾಗ ನೆನಪಾಯಿತು. 2017ರ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ನಮ್ಮ ಬ್ಯಾಂಕಿನ ಬ್ರಾಂಚಿನಲ್ಲಿ ಇರುವುದೇ ಬೆರಳೆಣಿಕೆಯ ಜನ, ನಮಗೆ ಹತ್ತಿರ ಸುಳಿಯುವ ಮಾತಲ್ಲ. ನಿಮ್ಮದು ದೊಡ್ಡ ಆಫೀಸಾದರೆ ಒಮ್ಮೆ ಬಾಯಿಬಿಟ್ಟು ಕೇಳಿ ನೋಡಿ.

ನೋಡಲು ಹೋಗುವ ಹೊತ್ತು ಮುಖ್ಯ. ಬೆಳಿಗ್ಗೆ ಹತ್ತಕ್ಕೆ ಯಾವ ಡೇ ಕೇರ್ ಆದರೂ ಚೆಂದವೇ. ಮಕ್ಕಳು ತಲೆ ಬಾಚಿಕೊಂಡು, ಪೌಡರ್ ಹಾಕಿಕೊಂಡು ಕೂತಿರುತ್ತವೆ. ಸಂಜೆ ನಾಲ್ಕೂವರೆಗೆ ಹೋಗಿ, ಹೇಳದೆ ಹೋಗಿ. ನಿದ್ದೆಯಿಂದ ಎದ್ದ ಮಕ್ಕಳು, ಸುಸ್ತಾದ ಆಯಾ, ಚಹಾದ ಹೊತ್ತು. ಒಂದು ಕಡೆ, ಹೆಸರು ಬೇಡ, ನಾನು ಹಾಗೆ ಹೋದಾಗ ಆಯಾ ಒಳಗೆ ಓನರ್ ಮನೆಯ ಪಾತ್ರೆ ತೊಳೆಯುತ್ತಿದ್ದರು. ಹೊರಗೆ ಹತ್ತು ಹನ್ನೆರಡು ಮಕ್ಕಳು ಟಿವಿ ಮುಂದೆ ಸಾಲಾಗಿ ಕೂತಿದ್ದವು. ಒಂದೂ ಮಾತಾಡುತ್ತಿರಲಿಲ್ಲ. "ನೋಡಿ ಮೇಡಂ, ಎಷ್ಟು ಶಾಂತವಾಗಿ ಕೂತಿದ್ದಾರೆ" ಅಂದರು ಓನರ್. ಎರಡು ವರ್ಷದ ಮಕ್ಕಳು ಹತ್ತು ಜನ ಸೇರಿದ ಕಡೆ ಸದ್ದಿಲ್ಲ ಅಂದರೆ ನನಗಂತೂ ಹೆದರಿಕೆ ಆಗುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಟಿವಿ, ಮೊಬೈಲು ಬೇಡವೇ ಬೇಡ, ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮನೆಯಲ್ಲಿ ನಾವೆಷ್ಟು ಪಾಲಿಸುತ್ತೇವೆ ಅಂತ ಕೇಳಬೇಡಿ, ಆದರೆ ದುಡ್ಡು ಕೊಟ್ಟು ಬಿಡುವ ಕಡೆ ಕೇಳುವ ಹಕ್ಕು ನಮಗಿದೆ.

ಇನ್ನು ನಮ್ಮ ಕರಾವಳಿಯದ್ದೇ ಆದ ಕೆಲವು ವಿಷಯ. ಬೆಂಗಳೂರಿನವರು ಮಾಡಿಟ್ಟ ಪಟ್ಟಿಗಳಲ್ಲಿ ಇವು ಇರುವುದಿಲ್ಲ. ಮೊದಲನೆಯದು ಬಾವಿ. ಇಲ್ಲಿನ ಹೆಚ್ಚಿನ ಡೇ ಕೇರ್ ನಡೆಯುವುದು ಹಳೇ ಮನೆಗಳಲ್ಲಿ, ಕಂಪೌಂಡಿನೊಳಗೆ ಬಾವಿ ಇದ್ದೇ ಇರುತ್ತದೆ. ಕಟ್ಟೆ ಎಷ್ಟು ಎತ್ತರ, ಮೇಲೆ ಕಬ್ಬಿಣದ ಜಾಳಿಗೆ ಇದೆಯಾ, ಹತ್ತಿ ನಿಲ್ಲಲು ಪಕ್ಕದಲ್ಲಿ ಒಗೆಯುವ ಕಲ್ಲು ಇದೆಯಾ ನೋಡಿ. ಬಾವಿ ನೋಡಿದ ಮೇಲೆ ಬಚ್ಚಲಿಗೂ ಹೋಗಿ. ತುಂಬಿಟ್ಟ ಬಕೆಟ್ ಬಾವಿಯಷ್ಟೇ ಅಪಾಯ. ಈಗಷ್ಟೇ ನಡೆಯಲು ಕಲಿತ ಮಗುವಿಗೆ ತಲೆಯದ್ದೇ ಭಾರ ಜಾಸ್ತಿ, ಬಗ್ಗಿ ನೋಡಿ ಮುಗ್ಗರಿಸಿದರೆ ತಾನಾಗಿ ಎದ್ದು ಬರಲು ಆಗುವುದಿಲ್ಲ. ಗೇಟಿನ ಚಿಲಕ ಮಗುವಿನ ಕೈಗೆ ಸಿಗುತ್ತದಾ ಅನ್ನುವುದನ್ನೂ ನೋಡಿಕೊಂಡು ಬನ್ನಿ, ಹೆದ್ದಾರಿ ಬದಿಯ ಮನೆಯಾದರೆ ಇದು ಇನ್ನೂ ಮುಖ್ಯ.

ಎರಡನೆಯದು ಮಳೆ. ಜೂನ್‌ನಿಂದ ಶುರುವಾದರೆ ಹಿಡಿದ ಮಳೆ ಬಿಡುವುದಿಲ್ಲ. ರೆಡ್ ಅಲರ್ಟ್ ಅಂತ ರಾತ್ರಿ ಹೊತ್ತಿಗೆ ಡಿಸಿಯವರು ಶಾಲೆ, ಅಂಗನವಾಡಿಗೆ ರಜೆ ಕೊಡುತ್ತಾರೆ. ಬ್ಯಾಂಕಿಗೆ ರಜೆ ಇಲ್ಲ, ಆಸ್ಪತ್ರೆಗೆ ರಜೆ ಇಲ್ಲ. ಆ ದಿನ ಡೇ ಕೇರ್ ತೆರೆದಿರುತ್ತದಾ? ಆಯಾ ಕಾಳಿ ನದಿಯಾಚೆಯ ಸದಾಶಿವಗಡದಿಂದಲೋ ಅಂಕೋಲಾ ಕಡೆಯಿಂದಲೋ ಬರುವವರಾದರೆ ಅವರಿಗೆ ಬರಲು ಆಗುತ್ತದಾ? 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯಿತು, ಮುಂದಿನ ತಿಂಗಳೇ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಹಾಗಾಗಿ ಆಯಾ ಎಲ್ಲಿಂದ ಬರುತ್ತಾರೆ ಅನ್ನುವುದು ನಮ್ಮೂರಲ್ಲಿ ಸಣ್ಣ ವಿಷಯ ಅಲ್ಲ. ಒಬ್ಬರು ಬಾರದಿದ್ದರೆ ಅವರ ಜಾಗಕ್ಕೆ ಯಾರು ಅಂತ ಕೇಳಿ. ಕರೆಂಟ್ ಹೋದಾಗ ಇನ್ವರ್ಟರ್ ಎಷ್ಟು ಹೊತ್ತು ಬರುತ್ತದೆ ಅಂತಲೂ ಕೇಳಿ. ಸಾಧ್ಯವಾದರೆ ಒಂದು ಜಡಿಮಳೆ ದಿನವೇ ಹೋಗಿ ಬನ್ನಿ. ಮಲಗಿಸುವ ಚಾಪೆ ತೇವ ಇದೆಯಾ, ಬಟ್ಟೆ ಎಲ್ಲಿ ಒಣಗಿಸುತ್ತಾರೆ, ಹಾಸಿಗೆಗೆ ಬೂಷ್ಟಿನ ವಾಸನೆ ಬರುತ್ತಾ, ಎಲ್ಲ ಮೂಗಿಗೇ ತಿಳಿಯುತ್ತದೆ.

ಮಳೆಗಾಲದ ಜೊತೆ ಜ್ವರ. ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ಆ ವೈರಸ್ ಜ್ವರ ಒಂದು ಮಗುವಿಗೆ ಬಂದರೆ ಆಟದ ಸಾಮಾನು, ಜೊಲ್ಲು, ಡೈಪರ್ ಬದಲಿಸಿದ ಕೈ ಎಲ್ಲದರಿಂದ ಹರಡಿ ವಾರದೊಳಗೆ ಅರ್ಧ ಡೇ ಕೇರ್ ಮಲಗುತ್ತದೆ. ಇಲ್ಲಿ ಡೇ ಕೇರಿನವರನ್ನು ಬೈಯುವ ಮೊದಲು ನಾವು ಅಪ್ಪ ಅಮ್ಮಂದಿರು ಮಾಡುವ ಕಿತಾಪತಿಯನ್ನೂ ಹೇಳಬೇಕು. ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ, ಮೈ ತಣ್ಣಗಾದ ಕೂಡಲೇ ಬಿಟ್ಟು ಬರುವುದು. ಔಷಧದ ಪ್ರಭಾವ ಇರುವುದು ನಾಲ್ಕರಿಂದ ಆರು ಗಂಟೆ. ಮಧ್ಯಾಹ್ನ ಮಗು ಮತ್ತೆ ಕಾದ ಹಂಚು. ಅಷ್ಟೊತ್ತಿಗೆ ಅದರ ಜೊತೆ ಆಡಿದ ಮಕ್ಕಳಿಗೂ ಅಂಟಿರುತ್ತದೆ. ಜ್ವರದ ಮಗುವನ್ನು ಬಾಗಿಲಲ್ಲೇ ವಾಪಸ್ ಕಳಿಸುವ, ನಮ್ಮ ಜೊತೆ ಜಗಳಕ್ಕೂ ನಿಲ್ಲುವ ಡೇ ಕೇರ್ ಸಿಕ್ಕರೆ ಕಣ್ಣು ಮುಚ್ಚಿ ಸೇರಿಸಿ. ತಾಯಿ ಕಾರ್ಡ್ ತೋರಿಸಿ, ಯಾವ ಲಸಿಕೆ ಆಗಿದೆ ನೋಡಬೇಕು ಅನ್ನುವವರಾದರೆ ಇನ್ನೂ ಒಳ್ಳೆಯದು.

ಊಟದ ವಿಷಯದಲ್ಲಿ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಮೀನು ಕೊಡುತ್ತಾರಾ, ಕೊಡುವುದಿಲ್ಲವಾ, ಯಾರ ಮನೆಯ ಅಡುಗೆ ಅಂತ. ಡಬ್ಬಿ ಕಟ್ಟಿ ಕೊಡಿ, ಮುಗಿಯಿತು. ಅದಕ್ಕಿಂತ ಮುಖ್ಯ ಏನಂದರೆ ಇಡೀ ಶೇಂಗಾ, ಗೋಡಂಬಿ, ದ್ರಾಕ್ಷಿ ಸಣ್ಣ ಮಕ್ಕಳ ಬಾಯಿಗೆ ಹೋಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು, ಮಲಗಿಸುವಾಗ ಅಂಗಾತ ಮಲಗಿಸಬೇಕು, ತಲೆ ಹತ್ತಿರ ದಿಂಬು ಇರಬಾರದು. ಇದು ಆಯಾಗೆ ಗೊತ್ತಿದೆಯಾ ಅಂತ ಅವರನ್ನೇ ಕೇಳಿ, ಓನರನ್ನಲ್ಲ.

ಸಿಸಿಟಿವಿ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಇರಲಿ, ಬೇಡ ಅನ್ನುವುದಿಲ್ಲ. ಆದರೆ ಕ್ಯಾಶ್ ಕೌಂಟರಿನಲ್ಲಿ ಕೂತು ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ನೋಡಿದರೆ ಮಗುವಿಗೂ ಉಪಯೋಗ ಇಲ್ಲ, ಗಿರಾಕಿಗೂ ಇಲ್ಲ. ಕ್ಯಾಮೆರಾ ಇದ್ದ ಕಡೆ ಇಬ್ಬರು ಆಯಾ ಕಡಿಮೆ ಮಾಡಿದ್ದಾರೆ ಅಂದರೆ ಆ ಕ್ಯಾಮೆರಾ ತಗೊಂಡು ಏನು ಮಾಡುವುದು? ನಮ್ಮ ಮಗನನ್ನು ಕೊನೆಗೆ ಬಿಟ್ಟ ಕಡೆ ಕ್ಯಾಮೆರಾ ಇರಲಿಲ್ಲ, ಬಣ್ಣದ ಗೋಡೆಯೂ ಇರಲಿಲ್ಲ. ಅಲ್ಲಿನ ಆಯಾ ಶುರುವಿಂದಲೂ ಅಲ್ಲೇ ಇದ್ದವರು, ಓನರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಾವು ಮನೆಯಲ್ಲಿ ಹವ್ಯಕ ಮಾತಾಡುವುದು, ಅವರು ಅವನ ಜೊತೆ ಪೂರ್ತಿ ಕೊಂಕಣಿ. ಅವನು ಎರಡನ್ನೂ ಕಲಿತ. ಪಕ್ಕದ ಚಾಪೆಯ ನೇವಿಯವರ ಮಗಳು ಮಲಯಾಳಂ ಬಿಟ್ಟು ಏನೂ ಬಾರದೆ ಬಂದವಳು, ಮಳೆಗಾಲ ಮುಗಿಯುವಷ್ಟರಲ್ಲಿ ಅಳುವುದನ್ನೂ ಕೊಂಕಣಿಯಲ್ಲೇ ಅಳುತ್ತಿದ್ದಳು!

ಮೊದಲ ಕೆಲವು ದಿನ ಮಗು ಅಳುತ್ತದೆ, ಅದಕ್ಕೆ ಡೇ ಕೇರ್ ಬದಲಿಸಬೇಡಿ. ಒಂದು ಗಂಟೆ, ಎರಡು ಗಂಟೆ, ಅರ್ಧ ದಿನ ಅಂತ ರೂಢಿ ಮಾಡಿಸಿ. ಆಮೇಲೂ ಗೇಟ್ ಕಂಡ ಕೂಡಲೇ ಮೈ ಬಿಗಿ ಹಿಡಿಯುತ್ತದೆ, ರಾತ್ರಿ ಬೆಚ್ಚಿ ಏಳುತ್ತದೆ, ಮೈಮೇಲಿನ ಗಾಯಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ ಅಂದರೆ ತಡ ಮಾಡದೆ ಬಿಡಿಸಿ. ತುಂಬಿದ ಫೀಸು ಹೋದರೆ ಹೋಯಿತು.

ಇಷ್ಟೆಲ್ಲ ಹೇಳುವಾಗ ಒಂದು ಮಾತು ಕಾಡುತ್ತದೆ. ಇದೆಲ್ಲ ಫೀಸು ಕಟ್ಟಬಲ್ಲ ನಮ್ಮಂಥವರ ಮಾತಾಯಿತು. ಅಂಗನವಾಡಿಯಲ್ಲಿ ದೊಡ್ಡ ಮಕ್ಕಳು ಕೂರುತ್ತವೆ, ಅದೂ ಸಂಜೆವರೆಗೆ ಇಲ್ಲ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳ "ಕೂಸಿನ ಮನೆ" ಅನ್ನುವ ಶಿಶುಪಾಲನಾ ಕೇಂದ್ರ ಇದೆ, 2023-24ರ ಬಜೆಟ್ಟಿನಲ್ಲಿ 4,000 ಪಂಚಾಯಿತಿಗಳಿಗೆ ಅಂತ ಘೋಷಿಸಿದ್ದು, ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ. ಪಂಚಾಯಿತಿ ಹದ್ದಿನೊಳಗೆ ಇರುವವರು ದಯವಿಟ್ಟು ಹೋಗಿ ನೋಡಿ, ಸರ್ಕಾರದ್ದು ಅಂತ ಮೂಗು ಮುರಿಯಬೇಡಿ, ಅಲ್ಲೂ ಇದೇ ಪ್ರಶ್ನೆ ಕೇಳಿ. ಆದರೆ ನಗರಸಭೆ ಹದ್ದಿನಲ್ಲಿ ಬೆಳಗಿನ ಜಾವ ಬೈತಖೋಲ ಬಂದರಿಗೆ ಮೀನಿಗೆ ಹೋಗುವ ಹೆಂಗಸಿನ ಮಗು ಎಲ್ಲಿರಬೇಕು? ಈಗ ಅಕ್ಕನೋ ಅಣ್ಣನೋ ಶಾಲೆ ಬಿಟ್ಟು ನೋಡಿಕೊಳ್ಳುತ್ತಾರೆ. ವಾರ್ಡಿಗೊಂದು ಬೇಡ, ಮೀನು ಮಾರ್ಕೆಟ್ ಹತ್ತಿರ ಒಂದಾದರೂ ಕೂಸಿನ ಮನೆ ಬೇಕು ಅಂತ ನಾವು ಕೇಳಬೇಕಲ್ವಾ?

ಹಾಂ, ನನ್ನ ಗೆಳತಿಯೊಬ್ಬಳು ಸ್ಟಾಫ್ ನರ್ಸ್, ಮಗಳಿಗೆ ಒಂದೂವರೆ ವರ್ಷ. ಮಧ್ಯಾಹ್ನದ ಶಿಫ್ಟ್ ಬಂದರೆ ರಾತ್ರಿ ಎಂಟೂವರೆ ಆಗುತ್ತದೆ, ಎಲ್ಲ ಕಡೆ ಆರಕ್ಕೆ ಬಾಗಿಲು ಹಾಕುತ್ತಾರೆ. ಕೋಡಿಬಾಗ ಅಥವಾ ಹಬ್ಬುವಾಡ ಕಡೆ ಅಲ್ಲಿಯವರೆಗೆ ಇಟ್ಟುಕೊಳ್ಳುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ. ಬಾವಿಗೆ ಜಾಳಿಗೆ ಇದ್ದರೆ ಸಾಕು, ಎಸಿ ಬೇಡ.