ಕಮಾನಿಗೆ ಬಣ್ಣ, ಫುಟ್‌ಪಾತಿಗೆ ಮಣ್ಣು

ಗಾಲಿ ಸೂಟ್‌ಕೇಸು ವಿಮಾನ ನಿಲ್ದಾಣದ ಒಳಗಿರುವಷ್ಟು ಹೊತ್ತು ಬಲು ಸಾಧು. ಬೆರಳು ತಾಗಿಸಿದರೆ ಸಾಕು, ನುಣ್ಣನೆಯ ನೆಲದ ಮೇಲೆ ತಾನೇ ಮುಂದೆ ಮುಂದೆ ಓಡುತ್ತದೆ. ಗಾಜಿನ ಬಾಗಿಲು ದಾಟಿ, ಪಾರ್ಕಿಂಗ್ ಮುಗಿದು, ಊರಿನ ಫುಟ್‌ಪಾತ್ ಶುರುವಾಯಿತೋ, ಅದರ ಬುದ್ಧಿ ಕೆಟ್ಟಿತು. ಟರ್ರ್ ಎಂದು ಅರಚುತ್ತದೆ. ಎಡಕ್ಕೆ ಎಳೆದರೆ ಬಲಕ್ಕೆ ತಿರುಗುತ್ತದೆ. ಕೊನೆಗೆ ಚರಂಡಿ ಜಾಲರಿಯ ಸಂದಿಗೆ ಒಂದು ಗಾಲಿ ತೂರಿಸಿಕೊಂಡು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಬಗ್ಗಿ, ಬೆವರು ಸುರಿಸಿ, ಅದನ್ನು ಕಿತ್ತು ತಲೆ ಎತ್ತಿದರೆ ಎದುರಿಗೆ ಏನು? ಮೊನ್ನೆಯಷ್ಟೇ ಬಣ್ಣ ಬಳಿದ ಭರ್ಜರಿ ಸ್ವಾಗತ ಕಮಾನು!

ಈ ಸಿಟ್ಟು ಯಾವ ಒಂದು ಊರಿನ ಮೇಲೂ ಅಲ್ಲ. ಏರ್‌ಪೋರ್ಟ್ ಪಕ್ಕದ ಬಹುತೇಕ ಊರುಗಳ ಹಣೆಬರಹ ಒಂದೇ. ಜಮೀನು ರನ್‌ವೇಗೆ ಹೋಗಿರುತ್ತದೆ. ಬಂದವರನ್ನೆಲ್ಲ ಮೇಲುಸೇತುವೆ ನೇರವಾಗಿ ದೊಡ್ಡ ನಗರಕ್ಕೆ ಸಾಗಿಸುತ್ತದೆ. ಊರಿಗೆ ಉಳಿಯುವುದು ಸದ್ದು, ಪಾರ್ಕಿಂಗ್ ಮೈದಾನಗಳು, ಅರ್ಧ ಹೊತ್ತಿ ಅರ್ಧ ಆರಿದ ಲಾಡ್ಜ್ ಬೋರ್ಡುಗಳು, ಶಟರ್ ಎಳೆದ ಅಂಗಡಿ ಸಾಲು. ಹೀಗೆ ವರ್ಷಗಟ್ಟಲೆ ಕಳೆದ ಮೇಲೆ ಒಂದು ದಿನ ಯಾರಿಗೋ ಜ್ಞಾನೋದಯ: "ಅರೆ, ಇದು ನಮ್ಮ ಹೆಬ್ಬಾಗಿಲಲ್ಲವೇ! ಪ್ರವಾಸಿಗರು ಮೊದಲು ನೋಡುವುದೇ ಇದನ್ನಲ್ಲವೇ!" ತಕ್ಷಣ ಸಮಿತಿ. ಸಮಿತಿ ಎಂದ ಮೇಲೆ ಅದರಲ್ಲಿ ಕಮಾನು ಮಹಾಶಯರು ಇದ್ದೇ ಇರುತ್ತಾರೆ.

ಇವರನ್ನು ನೀವೂ ಬಲ್ಲಿರಿ. ವಿಷಯ ಯಾವುದೇ ಇರಲಿ, ಇವರ ಉತ್ತರ ಕಮಾನು. ಬೀದಿದೀಪ ಇಲ್ಲ ಎಂದರೆ ಕಮಾನಿನ ಮೇಲೆ ಹಾಕೋಣ ಎನ್ನುತ್ತಾರೆ. ಬಸ್ ತಂಗುದಾಣ ಇಲ್ಲ ಎಂದರೆ ಕಮಾನಿನ ಕೆಳಗೆ ನೆರಳಿರುತ್ತದಲ್ಲ ಎನ್ನುತ್ತಾರೆ. ಶೌಚಾಲಯ ಬೇಕು ಎಂದರೆ ಒಂದು ಕ್ಷಣ ಯೋಚಿಸಿ, ಕಮಾನಿನ ಕಂಬ ಟೊಳ್ಳಾಗಿ ಕಟ್ಟಿದರೆ ಒಳಗೆ ಒಂದು ಕೋಣೆ ಆದೀತು ಎನ್ನುತ್ತಾರೆ. ದಾರಿ ಗುಂಡಿ ಬಿದ್ದಿದೆ ಎಂದರೆ ಮಾತ್ರ ಸ್ವಲ್ಪ ಸುಮ್ಮನಾಗುತ್ತಾರೆ. ಆಮೇಲೆ ಮೆಲ್ಲಗೆ, "ಕಮಾನು ಎತ್ತರ ಇದ್ದರೆ ಜನ ಕೆಳಗೆ ನೋಡುವುದಿಲ್ಲ ಸಾರ್." ಕೆಳಗೆ ನೋಡದವರು ಆ ಗುಂಡಿಯಲ್ಲೇ ಬೀಳುತ್ತಾರೆ ಎಂಬುದು ನಡಾವಳಿಯಲ್ಲಿ ದಾಖಲಾಗುವುದಿಲ್ಲ.

ಸರಿ, ಎತ್ತರವನ್ನೇ ನೋಡೋಣ. ವಿಮಾನ ಇಳಿಯುವ ದಾರಿಯ ಕೆಳಗೆ ಯಾರು ಬೇಕಾದರೂ ಎಷ್ಟೆತ್ತರ ಬೇಕಾದರೂ ಕಟ್ಟುವಂತಿಲ್ಲ. ದೊಡ್ಡ ರನ್‌ವೇಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಲೆಕ್ಕ ಹೀಗಿದೆ: ರನ್‌ವೇ ತುದಿಯಿಂದ 60 ಮೀಟರ್ ಆಚೆ ಒಂದು ಕಾಣದ ಇಳಿಜಾರು ಶುರುವಾಗುತ್ತದೆ, ಅದು 50 ಮೀಟರ್ ದೂರಕ್ಕೆ 1 ಮೀಟರ್ ಏರುತ್ತದೆ. ಅದನ್ನು ಯಾವುದೂ ಚುಚ್ಚಬಾರದು. ಅಂದರೆ ರನ್‌ವೇ ತುದಿಯಿಂದ 1 ಕಿ.ಮೀ. ದೂರದಲ್ಲಿ ಸಿಗುವ ಎತ್ತರ ಸುಮಾರು 19 ಮೀಟರ್ ಅಷ್ಟೇ, ಅದೂ ನೆಲ ರನ್‌ವೇ ಮಟ್ಟದಲ್ಲೇ ಇದ್ದರೆ. ಊರು ದಿಬ್ಬದ ಮೇಲಿದ್ದರೆ ದಿಬ್ಬದ ಎತ್ತರವನ್ನೂ ಕಳೆಯಬೇಕು. ಇನ್ನು ಎಲ್ಲರೂ ಮರೆಯುವ ಸಂಗತಿ: ಕಮಾನು ಕಟ್ಟುವ ಕ್ರೇನ್ ಕಮಾನಿಗಿಂತ ಎತ್ತರ. ಅದಕ್ಕೂ ಬೇರೆಯಾಗಿ ಅನುಮತಿ ಬೇಕು. ಕಮಾನಿನ ಫೈಲ್ ಪಾಸಾಗಿ, ಕ್ರೇನಿನ ಫೈಲ್ ಮೇಜಿನ ಮೇಲೆ ಕೂತು, ಎರಡು ಬೋಳು ಕಂಬಗಳು ರಸ್ತೆಯ ಆಚೀಚೆ ನಿಂತು ತುಕ್ಕು ಹಿಡಿಯುವುದು ಹೀಗೆ.

ಮಹಾಶಯರು ಇಷ್ಟಕ್ಕೆ ಸೋಲುವವರಲ್ಲ. ಎತ್ತರ ಬೇಡವಾದರೆ ಲೇಸರ್ ಹಾಕೋಣ ಎನ್ನುತ್ತಾರೆ. ಇಳಿಯುತ್ತಿರುವ ಪೈಲಟ್‌ನ ಕಣ್ಣಿಗೆ ಲೇಸರ್ ಬೀಳುವುದು ಎಂಥ ಅಪಾಯವೆಂದರೆ, ರನ್‌ವೇ ಸುತ್ತ ಅದಕ್ಕೆಂದೇ ನಿರ್ಬಂಧಿತ ವಲಯ ಗುರುತಿಸುತ್ತಾರೆ. ಬೀದಿದೀಪದ ಬೆಳಕು ಕೂಡ ಆಕಾಶಕ್ಕೆ ಹಾರಬಾರದು, ಮೇಲ್ಭಾಗ ಪೂರ್ತಿ ಮುಚ್ಚಿದ, ಕೆಳಗೆ ಮಾತ್ರ ಬೆಳಗುವ ದೀಪ ಬೇಕು. ನೇರ ಗೆರೆಯಲ್ಲಿ ಬಣ್ಣದ ದೀಪಗಳ ಸಾಲು ಹಾಕಿದರಂತೂ ಮೇಲಿನಿಂದ ಅದೂ ಒಂದು ರನ್‌ವೇಯಂತೆ ಕಂಡೀತು. ಹಾಗಾದರೆ ಕಾರಂಜಿ? ನೀರು ನಿಂತರೆ ಹಕ್ಕಿ ಬರುತ್ತವೆ. ಹಣ್ಣಿನ ಮರಗಳ ಉದ್ಯಾನ? ಇನ್ನೂ ಹೆಚ್ಚು ಹಕ್ಕಿ, ರಾತ್ರಿ ಪಾಳಿಗೆ ಬಾವಲಿ.

ಹಕ್ಕಿಯ ಮಾತು ತಮಾಷೆಯದಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಾಗಾರ್ಡಿಯಾದಿಂದ ಮೇಲೆದ್ದ ವಿಮಾನಕ್ಕೆ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್ ಕೈಕೊಟ್ಟವು, ಹಡ್ಸನ್ ನದಿಯ ಮೇಲೆ ಇಳಿಸಬೇಕಾಯಿತು. 155 ಮಂದಿಯೂ ಬದುಕಿದರು ಎಂಬುದು ಪುಣ್ಯ. ಜೆಟ್ ವಿಮಾನಗಳು ಓಡಾಡುವ ನಿಲ್ದಾಣಕ್ಕೂ ಹಕ್ಕಿಗಳನ್ನು ಸೆಳೆಯುವ ತಾಣಗಳಿಗೂ 10,000 ಅಡಿ, ಅಂದರೆ ಸುಮಾರು 3 ಕಿ.ಮೀ. ಅಂತರ ಇರಲಿ ಎನ್ನುತ್ತದೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ. ಮಳೆನೀರು ಹಿಡಿಯುವ ಹೊಂಡ ಮಾಡಿದರೂ ಅದು 48 ಗಂಟೆಯೊಳಗೆ ಬರಿದಾಗಬೇಕು ಎನ್ನುತ್ತದೆ. ಸಮಿತಿಯವರು ಕಾರಂಜಿಯ ನಕ್ಷೆ ಹಿಡಿದು ಚರ್ಚಿಸುವಾಗ, ಅದೇ ರಸ್ತೆಯ ತಿರುವಿನಲ್ಲಿ ತೆರೆದ ಕಸದ ರಾಶಿಯ ಮೇಲೆ ಹದ್ದು, ಕಾಗೆಗಳು ದಿನವೂ ಸಭೆ ಸೇರಿರುತ್ತವೆ. ಊರಿನ ಸುಧಾರಣೆ ಶುರುವಾಗಬೇಕಾದದ್ದು ಅಲ್ಲಿಂದ. ಆದರೆ ಕಸ ಎತ್ತಿದ ಜಾಗಕ್ಕೆ ರಿಬ್ಬನ್ ಕಟ್ಟುವುದು ಹೇಗೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಮಾನಿಲ್ಲದಿದ್ದರೆ ಸೆಲ್ಫಿ ತೆಗೆಸಿಕೊಳ್ಳಲು ಊರಿನ ಹೆಸರಿನ ದೈತ್ಯ ಅಕ್ಷರಗಳು. ಈ ಗೀಳಿಗೆ ಹೆಸರಾದ ಆಮ್‌ಸ್ಟರ್‌ಡ್ಯಾಮ್‌ನವರೇ ತಮ್ಮ ಮ್ಯೂಸಿಯಂ ಚೌಕದ ಅಕ್ಷರಗಳನ್ನು 2018ರ ಡಿಸೆಂಬರಿನಲ್ಲಿ ತೆಗೆಸಿದರು. ನಮ್ಮ ಸಮಿತಿಗೆ ಆ ಸುದ್ದಿ ತಲುಪಲು ಇನ್ನೂ ಸಮಯವಿದೆ.

ಈಗ ಗಾಲಿಗೆ ಬರೋಣ. ಊರನ್ನು ಕಣ್ಣಿನ ಎತ್ತರದಿಂದ ನೋಡುವವರು ಸಮಿತಿಯವರು, ಗಾಲಿಯ ಎತ್ತರದಿಂದ ನೋಡುವವರು ಪ್ರವಾಸಿಗರು. ಸೂಟ್‌ಕೇಸಿನ ಗಾಲಿಯ ವ್ಯಾಸ ಸುಮಾರು 5 ಸೆಂ.ಮೀ. ಇಷ್ಟು ಪುಟ್ಟ ಗಾಲಿಗೆ ಬರೀ 1 ಸೆಂ.ಮೀ. ಮೆಟ್ಟಿಲು ಎದುರಾದರೂ, ಅಡ್ಡಕ್ಕೆ ಎಳೆದು ಹತ್ತಿಸಲು ಆ ಗಾಲಿಯ ಮೇಲಿರುವ ಭಾರಕ್ಕಿಂತ ಹೆಚ್ಚಿನ ಬಲ ಬೇಕು. ಎತ್ತಿಕೊಂಡು ಹೋಗುವುದೇ ಸುಲಭ ಅನ್ನಿಸುವುದು ಭ್ರಮೆಯಲ್ಲ, ಶುದ್ಧ ಭೌತಶಾಸ್ತ್ರ. ಮೆಟ್ಟಿಲು 2.5 ಸೆಂ.ಮೀ. ಆದರೆ ಎಷ್ಟು ಎಳೆದರೂ ಹತ್ತುವುದಿಲ್ಲ, ಹಿಡಿಕೆ ಕೈಗೆ ಬರುತ್ತದೆ. ಬರ್ನಾರ್ಡ್ ಸ್ಯಾಡೋ ಎಂಬಾತ ಸೂಟ್‌ಕೇಸಿಗೆ ಗಾಲಿ ಹಾಕಿ ಪೇಟೆಂಟ್ ಪಡೆದದ್ದು 1972ರಲ್ಲಿ. ಅಂದರೆ ಜಗತ್ತಿನ ಫುಟ್‌ಪಾತ್‌ಗಳಿಗೆ ಅರ್ಧ ಶತಮಾನಕ್ಕೂ ಹೆಚ್ಚಿನ ನೋಟಿಸು ಸಿಕ್ಕಿದೆ.

ಫುಟ್‌ಪಾತಿನ ಅಂಚು ರಸ್ತೆಗಿಂತ 15 ಸೆಂ.ಮೀ. ಎತ್ತರ ಇದ್ದರೆ, 1 ಸೆಂ.ಮೀ. ಏರಿಕೆಗೆ 12 ಸೆಂ.ಮೀ. ಉದ್ದದ ಇಳಿಜಾರಿನ ಲೆಕ್ಕದಲ್ಲಿ ರ‍್ಯಾಂಪ್ 1.8 ಮೀಟರ್ ಉದ್ದ ಇರಬೇಕು. ಕಟ್ಟುವುದು ಅದರ ಕಾಲು ಭಾಗ. ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ಸರಿಯಾಗಿ ಕಟ್ಟಿದರೂ ಕೆಲಸ ಕೆಡುವುದು ಆಮೇಲೆ: ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸ ಪದರ ಎಳೆಯುತ್ತಾರೆ, ಪ್ರತಿ ಸಲ ರಸ್ತೆ 4-5 ಸೆಂ.ಮೀ. ಮೇಲೇರುತ್ತದೆ. ರ‍್ಯಾಂಪಿನ ಬುಡದಲ್ಲಿ ಗುಂಡಿ, ಗುಂಡಿಯಲ್ಲಿ ನೀರು. ಇನ್ನೆರಡು ಪದರ ಬಿದ್ದರೆ ಮಳೆನೀರು ಅಂಗಡಿಯೊಳಕ್ಕೆ.

ಚರಂಡಿ ಜಾಲರಿಯ ಕಥೆ ಇನ್ನೂ ಹೊಟ್ಟೆ ಉರಿಸುವಂಥದ್ದು. ಸಂದಿಗಳು 13 ಮಿ.ಮೀ. ಮೀರಬಾರದು, ಉದ್ದ ಸಂದಿಗಳಾದರೆ ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಎಷ್ಟೋ ಕಡೆ ಜಾಲರಿ ಸರಿಯಾದದ್ದೇ, ಕೂರಿಸಿದ್ದು ಮಾತ್ರ ಉದ್ದುದ್ದಕ್ಕೆ. ಚೌಕದ ಜಾಲರಿಯಾದರೆ ಎತ್ತಿ, ಕಾಲು ಸುತ್ತು ತಿರುಗಿಸಿ ಇಟ್ಟರೆ ಮುಗಿಯಿತು. ಇಬ್ಬರು ಆಳು, ಒಂದು ಹಾರೆ. ಟೆಂಡರ್ ಕರೆಯಲು ಆಗದಷ್ಟು ಸಣ್ಣ ಕೆಲಸ, ಹಾಗಾಗಿಯೇ ಆಗದ ಕೆಲಸ.

ಆ ಟರ್ರ್ ಸದ್ದಿಗೂ ಕಾರಣವಿದೆ. ಇಂಟರ್‌ಲಾಕ್ ಕಲ್ಲುಗಳ ಅಂಚನ್ನು ಓರೆಯಾಗಿಸಿರುತ್ತಾರೆ, ಎರಡು ಕಲ್ಲು ಸೇರುವಲ್ಲಿ ಒಂದು ಸಣ್ಣ ಕಾಲುವೆ. ಪ್ರತಿ ಕಾಲುವೆಗೂ ಗಾಲಿ ಒಮ್ಮೆ ಕುಪ್ಪಳಿಸುತ್ತದೆ. ಓರೆ ಇಲ್ಲದ ಕಲ್ಲು ಹಾಕಿದರೆ ಗಾಲಿಕುರ್ಚಿಯವರ ಬೆನ್ನೂ ಉಳಿಯುತ್ತದೆ, ಬೀದಿಯವರ ನಿದ್ದೆಯೂ ಉಳಿಯುತ್ತದೆ. ಜನ ನಡೆಯುವಲ್ಲಿ 60 ಮಿ.ಮೀ. ದಪ್ಪ ಸಾಕು, ವಾಹನ ಹತ್ತಿ ಇಳಿಯುವ ಗೇಟಿನ ಮುಂದೆ 80 ಬೇಕು. ಎಲ್ಲ ಕಡೆ 60 ಹಾಕಿದರೆ ಗೇಟಿನ ಮುಂದಿನ ಕಲ್ಲುಗಳು ಮೊದಲ ಮಳೆಗಾಲಕ್ಕೇ ಕುಸಿಯುತ್ತವೆ. ಅಂಚಿಗೆ ಗಟ್ಟಿ ಕಟ್ಟೆ ಕಟ್ಟದಿದ್ದರೆ ಕಲ್ಲುಗಳು ಒಂದೊಂದಾಗಿ ರಸ್ತೆಯ ಕಡೆ ಜರುಗಿ ವಲಸೆ ಹೋಗುತ್ತವೆ. ಇಷ್ಟೆಲ್ಲ ನೋಡಿಕೊಂಡು ಮಾಡಿದ ಫುಟ್‌ಪಾತಿನ ಬಾಯಿಗೆ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಬೈಕು ತಡೆಯಲೆಂದು ಗೂಟ ನೆಡುತ್ತಾರೆ. ನಡುವೆ 90 ಸೆಂ.ಮೀ.ಗಿಂತ ಕಡಿಮೆ ಬಿಟ್ಟರೆ ಗಾಲಿಕುರ್ಚಿ ಹೊರಗೇ ಉಳಿಯುತ್ತದೆ. ಬೈಕು ಮಾತ್ರ ಹೇಗೋ ನುಸುಳುತ್ತದೆ!

ಶೌಚಾಲಯದ ಬಗ್ಗೆ ಒಂದೇ ಮಾತು. ಬಾಗಿಲು ಒಳಕ್ಕೆ ತೆರೆಯುವ ಇಕ್ಕಟ್ಟಿನ ಕೋಣೆಗೆ ಸೂಟ್‌ಕೇಸು ಸಮೇತ ಹೋಗಿ ಚಿಲಕ ಹಾಕಬಲ್ಲವರು ಇನ್ನೂ ಹುಟ್ಟಿಲ್ಲ. ಪೆಟ್ಟಿಗೆ ಒಳಗಿದ್ದರೆ ಬಾಗಿಲು ಮುಚ್ಚದು, ಬಾಗಿಲು ಮುಚ್ಚಿದರೆ ನೀವು ಪೆಟ್ಟಿಗೆಯ ಮೇಲೆ. ಕೀಲು ತಿರುಗಿಸಿ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿ, ಒಳಗೆ ಒಂದು ಗಟ್ಟಿ ಕೊಕ್ಕೆ ಹೊಡೆದರೆ ಅರ್ಧ ಸಮಸ್ಯೆ ಪರಿಹಾರ.

ದಾರಿ ತೋರುವ ಫಲಕಗಳು ಇನ್ನೊಂದು ಬಗೆಯ ಕಣ್ಣಾಮುಚ್ಚಾಲೆ. 1974ರಲ್ಲಿ ತೆರೆದ ಪ್ಯಾರಿಸ್ ಬಳಿಯ ರುವಾಸಿ (ಚಾರ್ಲ್ಸ್ ಡಿ ಗಾಲ್) ವಿಮಾನ ನಿಲ್ದಾಣದ ಫಲಕಗಳಿಗೆಂದೇ ಏಡ್ರಿಯನ್ ಫ್ರುಟಿಗರ್ ಹೊಸ ಅಕ್ಷರವಿನ್ಯಾಸ ರೂಪಿಸಿದರು. ಊರಿನ ಫಲಕ ಬರೆಯುವವರು ಅಷ್ಟು ಶ್ರಮ ಪಡುವುದು ಬೇಡ, ಅಳತೆ ಸರಿ ಇಟ್ಟರೆ ಸಾಕು. ರಸ್ತೆ ಫಲಕದಲ್ಲಿ 1 ಇಂಚು ಎತ್ತರದ ಅಕ್ಷರ ಸುಮಾರು 30 ಅಡಿಯಿಂದ ಓದಲು ಬರುತ್ತದೆ. ಗಂಟೆಗೆ 60 ಕಿ.ಮೀ. ವೇಗದ ವಾಹನ 5 ಸೆಕೆಂಡಿನಲ್ಲಿ 80 ಮೀಟರಿಗೂ ಹೆಚ್ಚು ದಾಟುತ್ತದೆ, ಹಾಗಾಗಿ ಅಕ್ಷರ 9 ಇಂಚಾದರೂ ಬೇಕು. ನಮ್ಮ ಫಲಕದಲ್ಲಿ 9 ಇಂಚು ಸಿಗುವುದು ಉದ್ಘಾಟಕರ ಹೆಸರಿಗೆ. ರೈಲು ನಿಲ್ದಾಣದ ಬಾಣದ ಗುರುತು ಮೂರು ತಿರುವುಗಳವರೆಗೆ ಕೈಹಿಡಿದು ನಡೆಸಿ, ಕೊನೆಯ ತಿರುವಿನಲ್ಲಿ ಮಾಯವಾಗುತ್ತದೆ. ದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ ಫಲಕ ಬೇಕು. ಒಂದು ತಪ್ಪಿದರೂ ಹಿಂದಿನವೆಲ್ಲ ವ್ಯರ್ಥ.

ಇಷ್ಟು ಮಾಡಿದರೆ ಜನ ಬರುತ್ತಾರೆಯೇ? ಲೆಕ್ಕ ಹಾಕಿ. ಎರಡು ವಿಮಾನಗಳ ನಡುವೆ 6 ಗಂಟೆ ಬಿಡುವಿರುವವರು ಹೊರಬೀಳಲು 1 ಗಂಟೆ, ಮುಂದಿನ ವಿಮಾನಕ್ಕೆ ಮೊದಲೇ ತಲುಪಲು 2-3 ಗಂಟೆ ಕಳೆದರೆ, ಓಡಾಟವೂ ಸೇರಿ ಊರಿಗೆ ಉಳಿಯುವುದು 2-3 ಗಂಟೆ. ನೋಡುವಂಥದ್ದೆಲ್ಲ ನಡೆಯುವ ದೂರದಲ್ಲಿರಬೇಕು, ಅದಕ್ಕಿಂತ ಮೊದಲು ಸಾಮಾನು ಇಟ್ಟು ಹೋಗಲು ಜಾಗ ಬೇಕು. ಲಗೇಜ್ ಕೊಠಡಿ ಇಲ್ಲದ ಊರಿಗೆ ಪೆಟ್ಟಿಗೆ ಎಳೆದುಕೊಂಡು ಯಾರೂ ಬರುವುದಿಲ್ಲ. ಜಪಾನಿನ ನರಿತಾದಲ್ಲಿ ವಿಮಾನ ನಿಲ್ದಾಣ ಬಂದದ್ದು 1978ರಲ್ಲಿ, ಆದರೆ ಊರಿನ ನರಿತಾಸಾನ್ ದೇವಾಲಯ ಕ್ರಿ.ಶ. 940ರಷ್ಟು ಹಳೆಯದು. ರೈಲಿನಲ್ಲಿ ಸುಮಾರು 10 ನಿಮಿಷ, ಅಲ್ಲಿಂದ ದೇವಾಲಯಕ್ಕೆ ಸುಮಾರು 800 ಮೀಟರ್‌ನ ಹಳೆಯ ಬೀದಿ. ಬಿಡುವಿನ ಪ್ರಯಾಣಿಕರು ಅಲ್ಲಿ ನಡೆದು, ನೋಡಿ, ಹೊತ್ತಿಗೆ ಸರಿಯಾಗಿ ವಾಪಸಾಗುತ್ತಾರೆ. ಅವರನ್ನು ಅಲ್ಲಿಗೆ ಕರೆದದ್ದು ಇದ್ದ ಬೀದಿಯೇ.

ಅಂಥ ಒಂದು ಹಳೆಯ ಬೀದಿ ಬಹುತೇಕ ಊರುಗಳಲ್ಲಿ ಇರುತ್ತದೆ. ಸದ್ದು ಕೇಳಿಯೇ ಯಾವ ಮಾದರಿಯ ವಿಮಾನ ಎಂದು ಹೇಳಬಲ್ಲ ಮಕ್ಕಳು ಅಲ್ಲಿರುತ್ತಾರೆ, ಅವರಲ್ಲಿ ಎಷ್ಟೋ ಮಂದಿ ಒಮ್ಮೆಯೂ ವಿಮಾನ ಹತ್ತಿರುವುದಿಲ್ಲ. ನಸುಕಿನ ಪಾಳಿಗೆ ಹೊರಟ ಲೋಡರ್‌ಗಳು, ಶುಚಿ ಮಾಡುವವರು ಅದೇ ಮುರುಕು ಫುಟ್‌ಪಾತಿನಲ್ಲಿ ದಿನಾ ನಡೆಯುತ್ತಾರೆ. ಮೇಲಿನಿಂದ ಹಾದುಹೋಗುವವರಿಗೆ ಆ ಊರು ಟಿಕೆಟ್ಟಿನ ಮೇಲಿನ ಮೂರಕ್ಷರದ ನಿಲ್ದಾಣ ಸಂಕೇತ, ಅದೂ ಎಷ್ಟೋ ಸಲ ಪಕ್ಕದ ನಗರದ ಹೆಸರಿನದು.

ಹಾಗಾಗಿ ಟೆಂಡರ್ ಬರೆಯುವವರಲ್ಲಿ ಒಂದು ವಿನಂತಿ. ನೀರಿನ ಪೈಪು, ಕೇಬಲ್ ಎಲ್ಲ ಮೊದಲು ಹೂತು, ಕೊನೆಗೆ ಕಲ್ಲು ಹಾಸಿ. ತಿರುಗಾಮುರುಗಾ ಮಾಡಿದರೆ ಉದ್ಘಾಟನೆಯ ಮರುವಾರವೇ ಗುದ್ದಲಿ ಹಾಜರು. ಗೋಡೆಗೆ ಚಿತ್ರ ಬರೆಸುವುದಿದ್ದರೆ ಹೊಸ ಗಾರೆ 28 ದಿನ ಆರಲಿ, ಗಣ್ಯರು ಬರುತ್ತಾರೆಂದು ಹಸಿ ಗೋಡೆಗೆ ಬಳಿದ ಬಣ್ಣ ಹಪ್ಪಳದಂತೆ ಎದ್ದು ಬರುತ್ತದೆ. ದೀಪ, ಕಲ್ಲು, ಜಾಲರಿ ಒಂದೇ ಅಳತೆಯವು ಇರಲಿ, ಸ್ವಲ್ಪ ಹೆಚ್ಚುವರಿ ಗೋದಾಮಿನಲ್ಲಿರಲಿ. ಪ್ರತಿ ಕಂಬಕ್ಕೂ ಒಂದು ಸಂಖ್ಯೆ, ದೂರು ಹೇಳಲು ಒಂದು ಫೋನ್ ನಂಬರು ಬರೆಸಿ. ಆ ಫೋನು ಎತ್ತುವವರ ಸಂಬಳವನ್ನೂ ಅದೇ ಅಂದಾಜು ಪಟ್ಟಿಯಲ್ಲಿ ಸೇರಿಸಿ.